ಬಾಂಧವ್ಯ ಮೀಮಾಂಸೆ: ಆಸ್ಪತ್ರೆ ಸಂದರ್ಶನದ ಒಂದು ಪ್ರಶ್ನೆಯ ಶಾಸ್ತ್ರೀಯ ವಿಚಾರ

ಗುತ್ತಿಗೆ ಹುದ್ದೆಯಿರಲಿ, ಖಾಸಗಿ ನರ್ಸಿಂಗ್ ಹೋಮಿನ ನೈಟ್ ಡ್ಯೂಟಿಯಿರಲಿ, ಸಂದರ್ಶನಕ್ಕೆ ಹೋದವರು ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಒಂದಿದೆ. "ಜೊತೇಲಿ ಕೆಲಸ ಮಾಡೋರ ಹತ್ರ ಒಳ್ಳೇ ಸಂಬಂಧ ಹೇಗೆ ಬೆಳೆಸ್ಕೋತೀಯಮ್ಮಾ?" ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಇದಕ್ಕೆ ಬಳಕೆಯಲ್ಲಿರುವ ಉತ್ತರವೂ ಒಂದೇ: "ಎಲ್ಲರ ಜೊತೇಲೂ ಹೊಂದ್ಕೊಂಡು ಹೋಯ್ತೀನಿ ಸಾ." ಪ್ರಶ್ನೆಗೆ ಪಾಠಾಂತರಗಳುಂಟು, ಉತ್ತರಕ್ಕಿಲ್ಲ. ಈ ಉತ್ತರದ ಕರ್ತೃ ಯಾರು, ಕಾಲ ಯಾವುದು ಎಂಬುದು ಅನಿರ್ಣೀತ. ಶಾಸನಾಧಾರವಿಲ್ಲ, ತಾಳೆಗರಿಯೂ ಸಿಕ್ಕಿಲ್ಲ. ನರ್ಸಿಂಗ್ ಹಾಸ್ಟೆಲುಗಳಲ್ಲಿ ಅಕ್ಕಂದಿರ ಬಾಯಿಂದ ತಂಗಿಯರ ಕಿವಿಗೆ ಇಳಿದುಬಂದ ಮೌಖಿಕ ಪರಂಪರೆ ಇದೆಂದು ಪ್ರಸ್ತುತ ಲೇಖಕನ ತರ್ಕ. ಅಲ್ಲವೆನ್ನುವವರು ಪ್ರತಿಗ್ರಂಥ ಬರೆಯಬಹುದು.

ಮೊದಲು ಪೂರ್ವಪಕ್ಷ. ಪರದೇಶದಿಂದ ಬಂದು ಬೆಂಗಳೂರಿನ ಕೋಚಿಂಗ್ ಸೆಂಟರುಗಳಲ್ಲಿ ನೆಲೆ ನಿಂತಿರುವ 'ಸ್ಟಾರ್' ಮತದವರ ಪ್ರಕಾರ ಉತ್ತರಕ್ಕೆ ನಾಲ್ಕು ಅಂಗಗಳು: ಪರಿಸ್ಥಿತಿ, ಹೊಣೆ, ಕ್ರಿಯೆ, ಫಲ. ನಡೆದ ಘಟನೆಯೊಂದನ್ನೇ ಈ ಕ್ರಮದಲ್ಲಿ ಹೇಳಬೇಕು. ಹೋದ ತಿಂಗಳು ಕೋರ್ಸು ಮುಗಿಸಿದವಳ ಬದುಕಿನಲ್ಲಿ ಘಟನೆ ಎಲ್ಲಿಂದ ಬರಬೇಕು? ಹಾಗಾಗಿ ಎಲ್ಲರೂ ಒಂದನ್ನೇ ಹೇಳುತ್ತಾರೆ. "ಸೀನಿಯರ್ ಸಿಸ್ಟರ್ ಒಬ್ರ ಜೊತೆ ಭಿನ್ನಾಭಿಪ್ರಾಯ ಬಂತು. ಕೂತು ಮಾತಾಡಿದ್ವಿ. ಸರಿಹೋಯ್ತು." ಒಬ್ಬಳೇ ಸೀನಿಯರ್ ಸಿಸ್ಟರ್ ರಾಜ್ಯದ ಅಷ್ಟೂ ಆಸ್ಪತ್ರೆಗಳಲ್ಲಿ ಅಷ್ಟೂ ಜನರೊಡನೆ ಮುನಿಸಿಕೊಂಡು ಅಷ್ಟೂ ಸಲ ರಾಜಿಯಾಗಿರುವುದನ್ನು ನೋಡಿದರೆ, ಪವಾಡಗಳ ಈ ಸೀಮೆಯಲ್ಲೂ ಆಕೆಗೊಂದು ಗದ್ದುಗೆ ಸಲ್ಲಬೇಕು.

ಆದರೆ ಈ ಮತ ನಮಗೆ ಹೊಸದಲ್ಲ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವನ್ನು ನೋಡಿ. ಗುರು ಮಂಟೇಸ್ವಾಮಿ ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಕಬ್ಬಿಣದ ಭಿಕ್ಷೆಗೆಂದು ಹಲಗೂರಿನ ಕಮ್ಮಾರ ಪಾಂಚಾಳರ ಬಳಿಗೆ ಕಳಿಸುತ್ತಾನೆ. ಪಾಂಚಾಳರು ಕಬ್ಬಿಣ ಇಲ್ಲವೆನ್ನುತ್ತಾರೆ, ಆಮೇಲೆ ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ. ವಿಷ ಕುಡಿಸುವುದೂ ಅದರಲ್ಲೊಂದು. ಪರಿಸ್ಥಿತಿ, ಹೊಣೆ, ಕ್ರಿಯೆ ಮೂರೂ ಇವೆ. ಫಲವೂ ಸ್ಪಷ್ಟ: ಸಿದ್ದಪ್ಪಾಜಿ ಕಬ್ಬಿಣ ಪಡೆದೇ ಹೊರಟ. ಪ್ಯಾನೆಲಿನ ಒಬ್ಬ ಸದಸ್ಯರಿಗಾದರೂ "ಹೊಂದ್ಕೊಂಡು ಹೋಯ್ತೀನಿ" ಎಂದ ದಾಖಲೆ ಕಾವ್ಯದಲ್ಲೆಲ್ಲೂ ಇಲ್ಲ. ಆತನ ಹೆಸರಿನ ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿ ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಸಿಸ್ಟರ್ ರೂಮಿನಲ್ಲಿ ಮಧ್ಯಾಹ್ನ ಯಾರ ಡಬ್ಬಿಗೆ ಯಾರು ಕೈ ಹಾಕುತ್ತಾರೆಂದು ಒಂದು ದಿನ ನೋಡಿದರೆ ಆ ಆಸ್ಪತ್ರೆಯ ಬಾಂಧವ್ಯದ ಸ್ಥಿತಿ ತಿಳಿಯುತ್ತದೆ. ಪ್ಯಾನೆಲ್ ಮಾತ್ರ ಊಟದ ವಿಷಯ ಕೇಳುವುದಿಲ್ಲ. ಕೇಳಿದರೆ ಉತ್ತರ ಸುಳ್ಳಾಗುವುದು ಕಷ್ಟ.

"ಮ್ಯಾನೇಜ್‌ಮೆಂಟ್ ಬದಲಾದರೆ ಹೇಗೆ ಹೊಂದಿಕೊಳ್ಳುತ್ತೀರಿ?" ಎಂಬ ಉಪಪ್ರಶ್ನೆಗೆ ಆದರ್ಶ ಅಭ್ಯರ್ಥಿ ಯಳಂದೂರಿಗೆ ಸೇರಿದವರು. ಪೂರ್ಣಯ್ಯನವರು ಹೈದರಾಲಿಯ ಕೈಕೆಳಗೆ ದುಡಿದರು, ಟಿಪ್ಪುವಿನ ಕೈಕೆಳಗೆ ದುಡಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ದಿವಾನರಾಗಿ, ಇಂಗ್ಲಿಷ್ ಕಂಪನಿಯ ಮರ್ಜಿಯನ್ನೂ ಕಾದರು. 1807ರಲ್ಲಿ ಯಳಂದೂರು ಜಹಗೀರಾಗಿ ಬಂತು. ಒಂದು ರೆಸ್ಯೂಮೆಯಲ್ಲಿ ಇಷ್ಟು ಮ್ಯಾನೇಜ್‌ಮೆಂಟ್ ಕಂಡರೆ ಇವತ್ತಿನ ಎಚ್‌ಆರ್‌ನವರು ಹುಬ್ಬು ಗಂಟಿಕ್ಕುತ್ತಾರೆ. ಕೊಳ್ಳೇಗಾಲದ ಸರ್ವೀಸ್ ರಿಜಿಸ್ಟರೂ ಕಡಿಮೆಯದೇನಲ್ಲ. 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆ, ಆಮೇಲೆ ಮೈಸೂರು, 1997ರಿಂದ ಚಾಮರಾಜನಗರ. ಈಚೆಗೆ ಹನೂರನ್ನು ಬೇರೆ ತಾಲ್ಲೂಕಾಗಿ ಬಿಟ್ಟುಕೊಟ್ಟಿತು. ಎಲ್ಲ ಕಡೆಯೂ ಹೊಂದಿಕೊಂಡೇ ಹೋಗಿದೆ.

ಈಗ ದೇವರ ಉದಾಹರಣೆ. ಬಿಳಿಗಿರಿರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂಬುದು ಕಥೆ. ಹಾಗಾಗಿ ಸೋಲಿಗರಿಗೆ ಅವನು ಭಾವ. ಕಾರ್ಯಕ್ಷೇತ್ರದ ಜನರೊಡನೆ ಇದಕ್ಕಿಂತ ಗಟ್ಟಿ ಸಂಬಂಧ ಯಾವ ವೈದ್ಯಾಧಿಕಾರಿಗೂ ಸಾಧ್ಯವಾಗಿಲ್ಲ, ಸೇವಾ ನಿಯಮಾವಳಿ ಇದಕ್ಕೆ ಒಪ್ಪುವುದೂ ಸಂಶಯ. ಆದರೆ ನೆಂಟಸ್ತಿಕೆಯಿಲ್ಲದೆ ಹತ್ತಿರ ಬಂದವರುಂಟು. ಡಾ. ಎಚ್. ಸುದರ್ಶನ್ ಅದೇ ಬಿಳಿಗಿರಿರಂಗನ ಬೆಟ್ಟದಲ್ಲಿ ಉಳಿದು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಕುಷ್ಠರೋಗದ ಕಾರಣಕ್ಕೆ. 1987ರಲ್ಲಿ ಅಲ್ಲಿ ಸಾವಿರ ಜನಕ್ಕೆ 21ಕ್ಕೂ ಹೆಚ್ಚು ಮಂದಿಗಿದ್ದ ರೋಗ 2005ರ ಹೊತ್ತಿಗೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಯಿತು. ಮಾತ್ರೆ ಎಲ್ಲ ತಾಲ್ಲೂಕಿಗೂ ಒಂದೇ. ಕುಷ್ಠವಿದ್ದವರು ಮಚ್ಚೆ ಮುಚ್ಚಿಕೊಂಡು ಓಡಾಡುತ್ತಾರೆ. ಅಂಥವರು ಅಂಗಿ ತೆಗೆದು ಬೆನ್ನು ತೋರಿಸುವಷ್ಟು ನಂಬುಗೆ ಎಲ್ಲಿಂದ ಬಂತೆಂಬುದೇ ಸಂದರ್ಶನದಲ್ಲಿ ಕೇಳಬೇಕಾದ ಪ್ರಶ್ನೆ. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಈ ಟ್ರಸ್ಟಿಗೇ ವಹಿಸಿತು. ಇಲ್ಲಿ ಮೀಮಾಂಸಕನಿಗೆ ತಮಾಷೆ ಮಾಡಲು ಸಾಮಗ್ರಿ ಸಿಗದ ಕಾರಣ ಮುಂದಿನ ಅಧಿಕರಣಕ್ಕೆ ಹೋಗುತ್ತೇನೆ.

ಅದು ಕೀಲಿಕೈ ಪ್ರಮೇಯ. ಅಭ್ಯರ್ಥಿಗಳು ಬಾಂಧವ್ಯದ ಪಟ್ಟಿಯಲ್ಲಿ ಡಾಕ್ಟರು, ಸಿಸ್ಟರು, ಪೇಷಂಟು ಎನ್ನುತ್ತಾರೆ. ಗ್ರೂಪ್ ಡಿ ನೌಕರನ ಹೆಸರು ಬರುವುದಿಲ್ಲ. ಹೆರಿಗೆ ಕೋಣೆಯ ಬೀಗ, ಔಷಧ ಉಗ್ರಾಣದ ಬೀಗ, ಲಸಿಕೆ ಫ್ರಿಜ್ಜಿನ ಬೀಗ, ಜನರೇಟರಿನ ಮನೋಧರ್ಮ ಇವೆಲ್ಲ ಆತನಿಗೇ ಗೊತ್ತು. ರಾತ್ರಿ ಎರಡಕ್ಕೆ ನೋವು ತಿನ್ನುತ್ತಿರುವ ಬಸುರಿ ಬಾಗಿಲಲ್ಲಿ ನಿಂತಾಗ ಉಪಯೋಗಕ್ಕೆ ಬರುವುದು ಆತನ ಜೊತೆಗಿನ ಬಾಂಧವ್ಯ. ಇನ್ನೂ ವಿಚಿತ್ರ, ಆಶಾ ಕಾರ್ಯಕರ್ತೆಯದು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನಕ್ಕೊಬ್ಬರಂತೆ ಆಕೆಯನ್ನು ನೇಮಿಸಿತು. ಸಂಬಳದ ಬದಲು ಪ್ರೋತ್ಸಾಹಧನ ಕೊಟ್ಟು ಸ್ವಯಂಸೇವಕಿ ಎಂದಿತು. ಕಾಗದದಲ್ಲಿ ಆಕೆ ಸಹೋದ್ಯೋಗಿಯೇ ಅಲ್ಲ. ಯಾವ ಮನೆಯಲ್ಲಿ ಯಾರು ಬಸುರಿ, ಯಾವ ಅತ್ತೆ ಸೊಸೆಯನ್ನು ಆಸ್ಪತ್ರೆಗೆ ಕಳಿಸಲೊಲ್ಲಳು ಎಂಬುದೆಲ್ಲ ಸರ್ಕಾರದ ರಿಜಿಸ್ಟರಿಗೆ ಹತ್ತುವುದು ಆಕೆಯ ಬಾಯಿಂದ. ಸಹೋದ್ಯೋಗಿಯೆಂದು ಒಪ್ಪದವಳ ಜೊತೆ ಸಂಬಂಧ ಕಟ್ಟುವುದು ಹೇಗೆಂದು ಸ್ಟಾರ್ ಮತದವರು ಹೇಳಿಲ್ಲ.

ಹನೂರು ಕಡೆ ಪೋಸ್ಟಿಂಗ್ ಆದರೆ ಭಾಷಾಧಿಕರಣವೂ ಸೇರುತ್ತದೆ. ಮಾರ್ಟಳ್ಳಿ ಕಡೆ ತಮಿಳು, ಒಡೆಯರಪಾಳ್ಯದ ಶಿಬಿರದಲ್ಲಿ ಟಿಬೆಟನ್, ಪೋಡುಗಳಲ್ಲಿ ಸೋಲಿಗರ ನುಡಿ. ಮಾದಪ್ಪನ ಬೆಟ್ಟದ ಇಂಡಿಗನತ್ತ, ಪಡಸಲನತ್ತದಂಥ ಕಾಡೂರುಗಳಿಂದ ರೋಗಿಯನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಡೋಲಿಗೆ ಹೆಗಲು ಕೊಟ್ಟವರು ಟೀಮ್ ವರ್ಕ್ ತರಬೇತಿ ಪಡೆದವರಲ್ಲ. 'ನಾನು ಒಳ್ಳೆಯ ಟೀಮ್ ಪ್ಲೇಯರ್' ಎಂದವರನ್ನು ಆ ದಾರಿಯಲ್ಲಿ ಒಂದು ಸಲ ಹೆಗಲು ಕೊಡಿಸಿ ನೋಡಬೇಕೆಂಬುದು ಸಿದ್ಧಾಂತಿಯ ಸಲಹೆ. ಇಲಾಖೆ ಟಿ.ಎ., ಡಿ.ಎ. ಕೊಡುವುದಿಲ್ಲವಾದ್ದರಿಂದ ಸಲಹೆ ಬಿದ್ದುಹೋಗುತ್ತದೆ.

ಕೊನೆಗೆ ಉತ್ತರದ ಒಂದು ಅಪರೂಪದ ಪಾಠ. ಇದನ್ನು ನಾನೇ ಕಲ್ಪಿಸಿದ್ದೇನೆ. ಮೂಲ ಹಸ್ತಪ್ರತಿ ಕೇಳಬೇಡಿ.

"ಸಂಬಂಧ ಹೇಗೆ ಬೆಳೆಸ್ಕೋತೀಯಮ್ಮಾ?"

"ಬೀಗ ಯಾರ ಹತ್ರ ಅದೆ ಅಂತ ಮೊದ್ಲು ಕೇಳ್ಕೋತೀನಿ ಸಾ. ಆಶಕ್ಕನ ಮನೇಲಿ ಕಾಫಿ ಕುಡೀತೀನಿ. ಡಾಕ್ಟ್ರು ಬರೆದದ್ದು ತಪ್ಪಾಗಿದ್ರೆ ಪೇಷಂಟ್ ಮುಂದೆ ಹೇಳಲ್ಲ, ಒಳಗೆ ಕರ್ದು ಹೇಳ್ತೀನಿ."

"ಅವ್ರು ಕೇಳದಿದ್ರೆ?"

"ಮಾತ್ರೆ ಕೊಡಲ್ಲ ಸಾ. ಅವ್ರು ಬೈತಾರೆ. ಬೈಸ್ಕೋತೀನಿ."

ಪ್ಯಾನೆಲಿನ ಮಧ್ಯದವರು ಎಡದವರನ್ನು ನೋಡಿದರು. ಎಡದವರು ಬಿಸ್ಕೆಟ್ ಕೆಳಗಿಟ್ಟರು. ಬಲದವರು, ಇಡೀ ಬೆಳಗ್ಗೆ ಬಾಯಿ ಬಿಡದವರು, ಫೈಲು ತಿರುವಿ ಕೇಳಿದರು: "ಒರಿಜಿನಲ್ ಎಲ್ಲಾ ಸರಿ ಅದೆ. ಜೆರಾಕ್ಸ್‌ಗೆ ಅಟೆಸ್ಟೇಶನ್ ಯಾಕ್ ಮಾಡ್ಸಿಲ್ಲ?"