ಎಲ್ಲ ನಾರ್ಮಲ್, ಬಿಲ್ಲೊಂದು ಬಿಟ್ಟು

ಘಾಟ್‌ಕೋಪರಿನ ನಮ್ಮ ಭಾವನಿಗೆ ರಾತ್ರಿ ಎರಡು ವಡಾಪಾವ್ ಹೆಚ್ಚಾಗಿ ಎದೆಯುರಿ ಬಂತು. ಬೆಳಿಗ್ಗೆ ಆಸ್ಪತ್ರೆಗೆ ಹೋದವರು ಸಂಜೆ ಮನೆಗೆ ಬಂದಾಗ ಒಂದು ಕೈಯಲ್ಲಿ ಆ್ಯಸಿಡಿಟಿ ಮಾತ್ರೆ, ಇನ್ನೊಂದು ಕೈಯಲ್ಲಿ ಮದುವೆ ಆಲ್ಬಮ್ಮಿನಷ್ಟು ದಪ್ಪದ ಫೈಲು. ಇಸಿಜಿ ಬೇಕಿತ್ತು, ಒಪ್ಪುವ. ಥೈರಾಯ್ಡ್, ವಿಟಮಿನ್ ಡಿ, ಬಿ-12, ಕೊನೆಗೆ ಮಿದುಳಿನ ಎಂಆರ್‌ಐ?

“ಎದೆ ಉರಿದರೆ ತಲೆ ಯಾಕೆ ಭಾವ?”

“ಬಂದದ್ದು ಬಂದಾಗಿದೆ, ಒಮ್ಮೆ ನೋಡಿಬಿಡುವ ಅಂದ್ರು ಮಾರಾಯ. ಎಲ್ಲ ನಾರ್ಮಲ್!”

ಭಾವನ ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗನ ಕಳೆ. ಈ ವ್ಯಾಪಾರದ ಸೊಗಸೇ ಅದು. ವರದಿ ನಾರ್ಮಲ್ ಬಂದರೆ ದೇವರ ದಯೆ. ಎಲ್ಲೋ ಒಂದು ಚುಕ್ಕೆ ಕಂಡರೆ ಡಾಕ್ಟರ ದೂರದೃಷ್ಟಿ. ಆ ಚುಕ್ಕೆಯ ಬೆನ್ನು ಹತ್ತಿ ಇನ್ನೊಂದು ಸ್ಕ್ಯಾನ್, ಅದರ ಬೆನ್ನಿಗೆ ಸೂಜಿ. ಬೇಡದ ಟೆಸ್ಟ್ ಫೇಲಾದದ್ದನ್ನು ಕಂಡವರಿಲ್ಲ.

ಮುಂಬಯಿಯಲ್ಲಿ ಕಟಿಂಗ್ ಎಂದರೆ ಅರ್ಧ ಚಹಾ, ಕಟ್ ಎಂದರೆ ಕಳಿಸಿಕೊಟ್ಟ ಡಾಕ್ಟರ ಪಾಲು. ಪಾಲೆಷ್ಟು? 2017ರಲ್ಲಿ ಬೆಂಗಳೂರಿನ ಲ್ಯಾಬುಗಳ ಮೇಲೆ ದಾಳಿ ಮಾಡಿದ ಆದಾಯ ತೆರಿಗೆ ಇಲಾಖೆ ದರಪಟ್ಟಿಯನ್ನೇ ಹೊರಗಿಟ್ಟಿತು: ಎಂಆರ್‌ಐಗೆ ಶೇ 35, ಸಿಟಿ ಸ್ಕ್ಯಾನಿಗೂ ಲ್ಯಾಬ್ ಟೆಸ್ಟಿಗೂ ಶೇ 20. ಅದೇ ವರ್ಷ ಮುಂಬಯಿಯ ಏಷ್ಯನ್ ಹಾರ್ಟ್ ಇನ್‌ಸ್ಟಿಟ್ಯೂಟ್ ‘ಡಾಕ್ಟರುಗಳಿಗೆ ಕಮಿಷನ್ ಇಲ್ಲ’ ಎಂಬರ್ಥದ ಹೋರ್ಡಿಂಗ್ ಹಾಕಿತು. ವೈದ್ಯರ ಸಂಘಕ್ಕೆ ಸಿಟ್ಟು ಬಂತು. ಕಮಿಷನ್ ತಿಂದವರ ಮೇಲಲ್ಲ, ಹೋರ್ಡಿಂಗಿನ ಮೇಲೆ. ಮಹಾರಾಷ್ಟ್ರ ಸರ್ಕಾರವೂ ಆ ವರ್ಷವೇ ಕಟ್ ತಡೆಯುವ ಮಸೂದೆಯ ಕರಡು ಬರೆಸಿತು. ಮಸೂದೆಯೇ ಕಟ್ ಆಗಿ ಕರಡು ಉಳಿಯಿತು.

ಹಾಗಂತ ಕಾನೂನಿನಲ್ಲಿ ಬಾಗಿಲಿಲ್ಲ ಅನ್ನಬೇಡಿ. ಬಾಗಿಲುಗಳೇ ಜಾಸ್ತಿ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟು ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ಹೇಳಿದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಎದುರಾಳಿಗೆ ನೋಟಿಸು ಮುಟ್ಟಿದ ಮೇಲೆ ಮೂರು ತಿಂಗಳಲ್ಲಿ ತೀರ್ಪು ಕೊಡಲು ಪ್ರಯತ್ನಿಸಬೇಕು, ಯಾವುದಾದರೂ ವಸ್ತುವಿನ ಟೆಸ್ಟ್ ಆಗಬೇಕಿದ್ದರೆ ಐದು ತಿಂಗಳು ಎನ್ನುತ್ತದೆ ಕಾಯ್ದೆ. ನೋಡಿ, ಟೆಸ್ಟ್ ಎಂದೊಡನೆ ಕಾನೂನಿನ ಗಡುವೂ ಏರುತ್ತದೆ!

ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ ಎಂದು 2008ರ ಸಮೀರಾ ಕೊಹ್ಲಿ ತೀರ್ಪು ಹೇಳಿದೆ. ಕಮಿಷನ್ ಕೊಡುವುದೂ ಪಡೆಯುವುದೂ 2002ರ ವೈದ್ಯಕೀಯ ನೀತಿ ನಿಯಮಾವಳಿಯ ಪ್ರಕಾರ ತಪ್ಪು. ದೂರು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ಲಿಗೆ. ಅಲ್ಲಿ ಡಾಕ್ಟರ ಮೇಲಿನ ದೂರನ್ನು ಡಾಕ್ಟರರೇ ಕೇಳುತ್ತಾರೆ, ಪರಿಹಾರದ ಹಣ ಮಾತ್ರ ಅಲ್ಲಿ ಸಿಗುವುದಿಲ್ಲ. ಗ್ರಾಹಕ ಆಯೋಗದಲ್ಲಿ ವಕೀಲರನ್ನು ಹಿಡಿದರೆ ಒಂದು ನೆನಪಿರಲಿ: ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲವೆಂದು 2024ರಲ್ಲಿ ಅದೇ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ. ಮದ್ದು ಕೊಟ್ಟವನ ಮೇಲೆ ಅಲ್ಲಿ ದೂರು ಕೊಡಬಹುದು, ದೂರು ಬರೆದವನ ಮೇಲೆ ಆಗದು.

ಇಷ್ಟೆಲ್ಲ ಬಾಗಿಲು ದಾಟಿದರೂ ಒಳಗೆ ಕೂತಿರುವ ಪ್ರಶ್ನೆ ಒಂದೇ: ಟೆಸ್ಟ್ ಬೇಡವಾಗಿತ್ತು ಎಂಬುದಕ್ಕೆ ಸಾಕ್ಷಿ ಏನು? ಎಲ್ಲ ಪ್ರಕರಣಕ್ಕೂ ತಜ್ಞರ ಸಾಕ್ಷ್ಯ ಬೇಕಿಲ್ಲವೆಂದು 2010ರ ಕಿಶನ್ ರಾವ್ ತೀರ್ಪು ಹೇಳಿದ್ದು ನಿಜ. ಆದರೆ ‘ಒಮ್ಮೆ ನೋಡಿಬಿಡುವ’ ಎಂಬ ಮಾತಿಗೆ ಕಾಗದವಿಲ್ಲ, ರಸೀದಿಯಿಲ್ಲ. ಕಟ್ ಕವರಿನಲ್ಲಿ ಹೋಗುತ್ತದೆ, ಬಿಲ್ಲಿನಲ್ಲಿ ಕಾಣುವುದಿಲ್ಲ.

ಹಾಗಾಗಿ ಬಾಂದ್ರಾದ ಗ್ರಾಹಕ ಆಯೋಗಕ್ಕೆ ಅಲೆಯುವ ಮೊದಲೇ, ಡಾಕ್ಟರ ಮೇಜಿನೆದುರೇ ಒಂದು ಮಾತು ಕೇಳಿ: “ಈ ಟೆಸ್ಟಿನಲ್ಲಿ ಏನು ಬಂದರೆ ನನ್ನ ಔಷಧ ಬದಲಾಗುತ್ತದೆ?” ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಅವರದ್ದೇ ನಿಯಮವಿದೆ, ಅದನ್ನೂ ಕೇಳಿ. ಬಿಲ್ಲುಗಳನ್ನು ಎಸೆಯಬೇಡಿ. ನಮ್ಮ ಭಾವ ಎಂಆರ್‌ಐ ಫಿಲ್ಮನ್ನು ಚೌಕಟ್ಟು ಹಾಕಿಸದೆ ಬಿಟ್ಟದ್ದೇ ದೊಡ್ಡದು. ಬಿಲ್ಲನ್ನು ಮಾತ್ರ ರದ್ದಿಯವನಿಗೆ ಹಾಕಿಬಿಟ್ಟಿದ್ದರು.