ಅಪ್‌ಗ್ರೇಡಪ್ಪನವರ ಹಿಂದಿನ ಬೆಳಕು

ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಗೆ ಭಾನುವಾರ ಬೆಳಿಗ್ಗೆ ಹೋಗಿ ನೋಡಿ, ಒಂದಾದರೂ ಕಾರಿನ ಡಿಕ್ಕಿ ತೆರೆದಿರುತ್ತದೆ. ಅದರೊಳಗೆ ಸೊಂಟದವರೆಗೆ ಮುಳುಗಿದವರೊಬ್ಬರು ಇರುತ್ತಾರೆ. ಹೊರಗೆ ಕಾಣುವುದು ಬರ್ಮುಡಾ ಚಡ್ಡಿ, ಹವಾಯಿ ಚಪ್ಪಲಿ, ಹಿಂದಿನ ಜೇಬಿಗೆ ಸಿಕ್ಕಿಸಿದ ಟೆಸ್ಟರ್ ಇಷ್ಟೇ. ಇವರೇ ಅಪ್‌ಗ್ರೇಡಪ್ಪನವರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಆಧಾರ್ ಕಾರ್ಡಿನಿಂದಾಚೆಗೆ ಅದಕ್ಕೆ ಚಲಾವಣೆಯಿಲ್ಲ. ವಯಸ್ಸು ನಲವತ್ತೈದು ಮೀರಿದೆ. ಕೆಲಸ ಬ್ಯಾಂಕಿನದಿರಬಹುದು, ಸಾಫ್ಟ್‌ವೇರಿನದಿರಬಹುದು. ಎಲೆಕ್ಟ್ರಿಕಲ್ ಅಂತೂ ಅಲ್ಲ.

ಕಾರು ತಯಾರಿಸಿದವರ ಮೇಲೆ ಇವರಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. "ಕಂಪನಿಯವ್ರು ಕಾಸು ಉಳ್ಸೋಕೆ ಏನೋ ಒಂದು ಹಾಕಿ ಕಳಿಸಿರ್ತಾರೆ, ನಾವೇ ನೋಡ್ಕೋಬೇಕು" ಎನ್ನುತ್ತಾರೆ. ಎಂಜಿನ್ನನ್ನು ನೋಡಿಕೊಳ್ಳಲು ಧೈರ್ಯ ಸಾಲದು, ಬ್ರೇಕನ್ನು ನೋಡಿಕೊಳ್ಳಲು ಹೆಂಡತಿ ಬಿಡುವುದಿಲ್ಲ. ಉಳಿದಿದ್ದು ಕಾರಿನ ಹಿಂಭಾಗ.

ಅಲ್ಲಿ ಇವರ ಚರಿತ್ರೆ ಉದ್ದವಾಗಿದೆ. ಮಾರುತಿ 800ರ ಕಾಲದಲ್ಲಿ ರಿವರ್ಸ್ ಗೇರಿಗೆ ಹಾಡು ಕಟ್ಟಿಸಿದ್ದರು. ಬೀಥೋವನ್ 1810ರ ಸುಮಾರಿಗೆ ಪಿಯಾನೊಗೆಂದು ಬರೆದ ಒಂದು ಸುಕುಮಾರ ತುಣುಕನ್ನು ಇಡೀ ಭಾರತದ ಕಾರುಗಳು ಹಿಂದಕ್ಕೆ ಬರುವಾಗ ಕೀರಲು ದನಿಯಲ್ಲಿ ನುಡಿಸುತ್ತಿದ್ದ ಕಾಲ ಅದು. ಹನುಮಂತನಗರದ ಕ್ರಾಸೊಂದರಲ್ಲಿ ಮಧ್ಯರಾತ್ರಿ ದಾಟಿ ಆ ರಾಗ ಕೇಳಿಸಿತೆಂದರೆ ಸೆಕೆಂಡ್ ಶೋ ನೋಡಲು ಹೋದವರು ಬಂದರು ಎಂದೇ ಅರ್ಥ. ಆಮೇಲೆ ಗಾಜಿಗೆ ಕಪ್ಪು ಫಿಲ್ಮು ಬಂತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕೀಳಿಸಿತು. ಆ ತೀರ್ಪು ತಮ್ಮೊಬ್ಬರನ್ನೇ ಗುರಿಯಿಟ್ಟು ಬಂದದ್ದೆಂಬ ಭಾವನೆ ಅಪ್‌ಗ್ರೇಡಪ್ಪನವರಿಗೆ ಇನ್ನೂ ಹೋಗಿಲ್ಲ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದಾಗ ಇವರಿಗೆ ಮತ್ತೊಂದು ನಿರಾಸೆ. ಸರ್ಕಾರವೇ ಎಲ್ಲರಿಗೂ ಹಾಕಿಸಿದ ಮೇಲೆ ಅದರಲ್ಲಿ ಇವರ ಹೆಚ್ಚುಗಾರಿಕೆ ಏನುಳಿಯಿತು?

ಹೀಗಿರುವಾಗ ಪಕ್ಕದ ಮನೆಗೆ ಹೊಸ ಕಾರು ಬಂತು. ಅದು ಹಿಂದಕ್ಕೆ ಸರಿದಾಗ ಗೋಡೆಯ ಮೇಲೆ ಬಿದ್ದದ್ದು ಹಾಲಿನಂಥ ಬಿಳಿ ಬೆಳಕು. ತಮ್ಮ ಕಾರಿನದು ಹಳದಿ. ಇಷ್ಟು ವರ್ಷ ಆ ಹಳದಿ ಅವರ ಕಣ್ಣಿಗೇ ಬಿದ್ದಿರಲಿಲ್ಲ. ಅಂದು ರಾತ್ರಿ ಊಟ ಸೇರಲಿಲ್ಲ.

ಆ ಹಳದಿಗೆ ಕಾರಣ ಸರಳ. ಬಹಳಷ್ಟು ಕಾರುಗಳ ರಿವರ್ಸ್ ಲೈಟಿನಲ್ಲಿ ಇರುವುದು ಬೆರಳ ತುದಿಯಷ್ಟು ದೊಡ್ಡ, 16 ವಾಟಿನ ತಂತಿ ಬಲ್ಬು. ತಂತಿ ಕಾದು ಬೆಳಗುವ ಯಾವ ಬಲ್ಬಾದರೂ ಸ್ವಲ್ಪ ಹಳದಿಯೇ. ಎಲ್‌ಇಡಿಯ ಬಿಳುಪು ಬೇರೆ ದಾರಿಯಲ್ಲಿ ಬರುತ್ತದೆ. ನೀಲಿ ಬೆಳಕು ಕೊಡುವ ಚಿಪ್ಪಿನ ಮೇಲೆ ಹಳದಿ ಬೆಳಕು ಕೊಡುವ ಫಾಸ್ಫರಿನ ಲೇಪ ಹಚ್ಚಿ ಎರಡನ್ನೂ ಬೆರೆಸಿ ಬಿಳಿ ಮಾಡುತ್ತಾರೆ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಪ್ರಪಂಚದ ವಿದ್ಯುತ್ ಉಳಿಯಲೆಂದು ದುಡಿದ ಆ ಮೂವರಿಗೆ ಅಪ್‌ಗ್ರೇಡಪ್ಪನವರು ಮಾಡಿದ್ದನ್ನು ಯಾರೂ ಹೇಳದಿರುವುದೇ ಒಳ್ಳೆಯದು.

ಖರೀದಿ ಜೆ.ಸಿ. ರಸ್ತೆಯಲ್ಲೇ ಆಗಬೇಕು. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ಲಿನವರೆಗಿನ ಆ ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರವೂ ಇದೆ, ಆದರೆ ಸೀಟ್ ಕವರು, ಮ್ಯಾಟು, ಹಾರನ್ನುಗಳ ಅಂಗಡಿಗಳಿಗೆ ಬಂದವರ ಕತ್ತು ಅತ್ತ ತಿರುಗುವುದಿಲ್ಲ. ಅಂಗಡಿಯ ಹುಡುಗ ಗಾಡಿ ಯಾವುದೆಂದು ಕೇಳಿ, ಟಿ-15 ಎಂಬ ಸೈಜಿನ ಎರಡು ಬಲ್ಬು ತೆಗೆದು, ಬ್ಯಾಟರಿಗೆ ತಾಗಿಸಿ ಒಮ್ಮೆ ಬೆಳಗಿಸಿದ. ಎದುರಿಗಿದ್ದವರ ಕಣ್ಣು ಎರಡು ನಿಮಿಷ ಕತ್ತಲಿಟ್ಟಿತು. ಗ್ರಾಹಕರಿಗೆ ಬೇರೆ ಸಾಕ್ಷ್ಯ ಬೇಕಾಗಲಿಲ್ಲ. ಹಳೆಯ ಬಲ್ಬಿನ ಬೆಳಕು ಸುಮಾರು 310 ಲ್ಯೂಮೆನ್. ಹೊಸದರ ಡಬ್ಬಿಯ ಮೇಲೆ ಸಾವಿರಗಳಲ್ಲಿ ಬರೆದಿತ್ತು. ಡಬ್ಬಿಗೇನು, ಬರೆದದ್ದನ್ನೆಲ್ಲ ಹೊರುತ್ತದೆ.

"ಇದು ಕ್ಯಾನ್‌ಬಸ್ ಸಾರ್, ಎರರ್ ಬರಲ್ಲ" ಎಂದ ಹುಡುಗ.

"ಅದು ಗೊತ್ತಪ್ಪ" ಎಂದರು ಅಪ್‌ಗ್ರೇಡಪ್ಪನವರು. ಗೊತ್ತಿರಲಿಲ್ಲ.

ರಿವರ್ಸ್ ಲೈಟು ಹಾಕುವುದರಲ್ಲಿ ಒಂದು ತೊಡಕಿದೆ. ಇಗ್ನಿಷನ್ ಆನ್ ಮಾಡಿ ರಿವರ್ಸ್ ಗೇರು ಹಾಕದೆ ಅದು ಬೆಳಗುವುದಿಲ್ಲ. ಸೀಟಿನಲ್ಲಿ ಕೂತವರಿಗೆ ಅದು ಕಾಣುವುದಿಲ್ಲ. ಎಂದ ಮೇಲೆ ಇನ್ನೊಬ್ಬರು ಬೇಕೇ ಬೇಕು.

"ಲೇ ಇವಳೇ, ಒಂದ್ನಿಮಿಷ ಬಂದು ಗೇರ್ ಹಾಕೇ."

"ರೀ, ಒಲೆ ಮೇಲೆ ಹಾಲಿದೆ."

ಹಾಲು ಉಕ್ಕಿತು, ಬಲ್ಬು ಉರಿಯಲಿಲ್ಲ. ಎಡಗಡೆಯದು ಬೆಳಗಿತು, ಬಲಗಡೆಯದು ಸತ್ತಂತಿತ್ತು. ಫ್ಯೂಸ್ ನೋಡಿದರು, ಹೋಲ್ಡರ್ ಉಜ್ಜಿದರು, ಮಲ್ಟಿಮೀಟರ್ ತಂದರು, ಚೀನಾದೇಶದ ಕೈಗಾರಿಕಾ ನೀತಿಯ ಬಗ್ಗೆ ನಾಲ್ಕು ಮಾತಾಡಿದರು. ಕೊನೆಗೆ ಅದೇ ಅಂಗಡಿಗೆ ಗಾಡಿ ಹೊಡೆದುಕೊಂಡು ಹೋದಾಗ ಹುಡುಗ ಬಾಯಿ ಬಿಡದೆ ಬಲ್ಬನ್ನು ಎಳೆದು, ತಿರುಗಿಸಿ, ಮತ್ತೆ ಚುಚ್ಚಿದ. ಬೆಳಗಿತು. ತಂತಿ ಬಲ್ಬಿಗೆ ಪ್ಲಸ್ಸು ಮೈನಸ್ಸು ಯಾವ ಕಡೆಯಾದರೂ ನಡೆಯುತ್ತದೆ, ಎಲ್‌ಇಡಿಗೆ ಹಾಗಲ್ಲ. "ಟೆಸ್ಟ್ ಮಾಡ್ದೆ, ನಿನಗೆ ಗೊತ್ತಾ ಅಂತ" ಎಂದು ಹೇಳಿ ಇವರು ಹೊರಬಿದ್ದರು.

ಮಿನರ್ವ ಸರ್ಕಲ್ ದಾಟುವ ಮುನ್ನವೇ ಡ್ಯಾಶ್‌ಬೋರ್ಡಿನಲ್ಲಿ ಬಲ್ಬಿನ ಚಿತ್ರವೊಂದು ಹಳದಿಯಾಗಿ ಮೂಡಿತು. ಯುರೋಪಿನ ಮೂಲದ ಕೆಲವು ಕಾರುಗಳಿಗೆ ಈ ಚಾಳಿಯಿದೆ. ಪ್ರತಿ ದೀಪ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅವು ಅಳೆಯುತ್ತಿರುತ್ತವೆ. 16 ವಾಟ್ ಎಳೆಯಬೇಕಾದಲ್ಲಿ ಐದೇ ವಾಟ್ ಹೋದರೆ, ದೀಪ ಸುಟ್ಟುಹೋಗಿದೆ ಎಂದು ತೀರ್ಮಾನಿಸುತ್ತವೆ. ಹುಡುಗ ಹೇಳಿದ್ದ ಎರರ್ ಎಂದರೆ ಇದೇ. ಇದಕ್ಕೂ ಮದ್ದುಂಟು. ಬಲ್ಬಿನ ಪಕ್ಕಕ್ಕೆ 6 ಓಮಿನ ಒಂದು ರೆಸಿಸ್ಟರ್ ಕಟ್ಟಿದರೆ ಕಾರು ಸುಮ್ಮನಾಗುತ್ತದೆ.

ಈಗ ಲೆಕ್ಕ ಹಾಕಿ. 12 ವೋಲ್ಟಿಗೆ 6 ಓಮ್ ಎಂದರೆ ಆ ರೆಸಿಸ್ಟರ್ ಒಂದೇ 24 ವಾಟ್ ತಿನ್ನುತ್ತದೆ. ಬಲ್ಬಿನ 5 ಸೇರಿಸಿ, 29. ಹನ್ನೊಂದು ವಾಟ್ ಉಳಿಸಿದ್ದನ್ನು ಕಾರಿನಿಂದ ಮುಚ್ಚಿಡಲು ಇಪ್ಪತ್ತನಾಲ್ಕು ವಾಟ್ ಸುಟ್ಟ ಹಾಗಾಯಿತು. ಆ 24 ವಾಟೂ ಶುದ್ಧ ಬಿಸಿ. ಅದನ್ನು ಲೋಹದ ಮೈಗೆ ಬಿಗಿಯಬೇಕು, ಇಲ್ಲದಿದ್ದರೆ ಪಕ್ಕದ ಪ್ಲಾಸ್ಟಿಕ್ಕನ್ನು ಕರಗಿಸಬಲ್ಲದು. ಅಪ್‌ಗ್ರೇಡಪ್ಪನವರು ಡಬಲ್ ಟೇಪಿನಲ್ಲಿ ಅಂಟಿಸಿದ್ದರು. ವಾಸನೆ ಬಂದ ಮೇಲೆ ಸ್ಕ್ರೂ ಹಾಕಿದರು. ಮೂಲ ವೈರನ್ನು ಕತ್ತರಿಸಿ ಜೋಡಿಸಿದ್ದರಿಂದ ಸರ್ವಿಸ್ ಸೆಂಟರಿನವರು ವಾರಂಟಿಯ ವಿಷಯ ತೆಗೆಯಬಹುದೆಂದು ಗೆಳೆಯರು ಎಚ್ಚರಿಸಿದಾಗ, "ಅವ್ರಿಗೇನು ಗೊತ್ತಾಗತ್ತೆ" ಎಂದು ತೇಲಿಸಿಬಿಟ್ಟರು.

ಗೆಲುವು ಅಲ್ಲಿಗೂ ಪೂರ್ತಿಯಾಗಲಿಲ್ಲ. ಅಗ್ಗದ ಎಲ್‌ಇಡಿಗಳೊಳಗಿನ ಡ್ರೈವರ್ ಸರ್ಕ್ಯೂಟ್ ಒಂದಿಷ್ಟು ವಿದ್ಯುತ್ ಗಲಾಟೆಯನ್ನೂ ಹೊರಡಿಸುತ್ತದೆ. ರಿವರ್ಸ್ ಹಾಕಿದರೆ ಎಫ್‌ಎಂನಲ್ಲಿ ಸೊರ್ ಎಂಬ ಸದ್ದು. ಆಮೇಲೆ ಕೂಡಿಸಿದ ಕ್ಯಾಮೆರಾ ಅದೇ ವೈರಿನಿಂದ ಕರೆಂಟ್ ಪಡೆಯುತ್ತಿತ್ತಾಗಿ ಪರದೆಯ ಮೇಲೆ ಅಡ್ಡಗೆರೆಗಳು ಓಡತೊಡಗಿದವು. ಇನ್ನು ಬೆಳಕು. ರಿವರ್ಸ್ ಲೈಟಿನ ಒಳಗನ್ನಡಿಯನ್ನು ಎಳೆತಂತಿಯ ಪುಟ್ಟ ಬಿಂದುವಿಗೆ ಹೊಂದುವಂತೆ ಮಾಡಿರುತ್ತಾರೆ. ಎಲ್‌ಇಡಿಯ ಚಿಪ್ಪುಗಳು ಬೇರೆ ಬೇರೆ ಮುಖಕ್ಕೆ ಕೂತಿರುವುದರಿಂದ ಬೆಳಕು ಬೇಕಾದ ಕಡೆ ಒಂದಿಷ್ಟು ಬಿದ್ದು, ಬೇಡದ ಕಡೆ ಒಂದಿಷ್ಟು ಹರಿಯುತ್ತದೆ. ಇವರ ವಿಷಯದಲ್ಲಿ ಬೇಡದ ಕಡೆ ಎಂದರೆ ಎದುರು ಮನೆಯ ಮೊದಲ ಮಹಡಿಯ ಬೆಡ್‌ರೂಮು.

ನ್ಯಾಯವಾಗಿ ಹೇಳಬೇಕೆಂದರೆ, ಒಳ್ಳೆಯ ಬಲ್ಬು ಸರಿಯಾಗಿ ಕೂತರೆ ಲಾಭವಿಲ್ಲದಿಲ್ಲ. ಬೀದಿದೀಪ ಕೆಟ್ಟ ಗಲ್ಲಿಯಲ್ಲಿ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತದೆ, ಮಲಗಿದ ನಾಯಿ ತಪ್ಪಿಸಿಕೊಳ್ಳುತ್ತದೆ. ಆದರೆ ಅಪ್‌ಗ್ರೇಡಪ್ಪನವರು ಹೊಗಳುವುದು ಬಾಳಿಕೆಯನ್ನು. "ಐವತ್ತು ಸಾವಿರ ಗಂಟೆ ಬರತ್ತೆ!" ದಿನಕ್ಕೆ ಒಂದು ನಿಮಿಷ ರಿವರ್ಸ್ ಹೋದರೆ ಐವತ್ತು ಸಾವಿರ ಗಂಟೆ ಮುಗಿಯಲು 8,200 ವರ್ಷ ಬೇಕು. ಕಾರಿನ ನೋಂದಣಿ 15 ವರ್ಷಕ್ಕೆ. ಹಳೆಯ ತಂತಿ ಬಲ್ಬು ನೂರೇ ಗಂಟೆ ಬಾಳಿದ್ದರೂ ಇದೇ ಲೆಕ್ಕದಲ್ಲಿ ಹದಿನಾರು ವರ್ಷ ದಾಟುತ್ತಿತ್ತು.

ಈ ಲೆಕ್ಕವನ್ನು ಅವರ ಮುಂದಿಟ್ಟು ಪ್ರಯೋಜನವಿಲ್ಲ, ಏಕೆಂದರೆ ಅವರಿಗೆ ಬೇಕಾದದ್ದು ಹಿಂದೆ ನೋಡುವುದಲ್ಲ. ಹಿಂದಿನವರು ನೋಡಬೇಕು. ಈಗೀಗ ಅವರು ನೇರವಾಗಿ ನಿಲ್ಲಿಸಬಹುದಾದ ಜಾಗದಲ್ಲೂ ಮುಂದೆ ಹೋಗಿ ಹಿಂದಕ್ಕೆ ಬರುತ್ತಾರೆ. ಹೆಂಡತಿಗೆ ಸ್ಟಿಯರಿಂಗ್ ಕೊಟ್ಟು ತಾವು ಗೇಟಿನ ಬಳಿ ಕೈಕಟ್ಟಿ ನಿಲ್ಲುತ್ತಾರೆ. ಆಕೆ ಮೊದಲ ಯತ್ನಕ್ಕೇ ಕಾರನ್ನು ಎರಡು ಕುಂಡಗಳ ನಡುವೆ ಗೆರೆ ಹೊಡೆದಂತೆ ನಿಲ್ಲಿಸಿದರೆ ಇವರಿಗೆ ಕಸಿವಿಸಿ, ಬೆಳಕು ಬೇಗ ಆರಿತಲ್ಲ ಎಂದು.

ಮೊನ್ನೆ ಬನಶಂಕರಿಯ ಕಲ್ಯಾಣ ಮಂಟಪವೊಂದರ ರಿಸೆಪ್ಷನ್. ನೆಲಮಾಳಿಗೆಯ ಪಾರ್ಕಿಂಗು, ಎರಡು ಕಂಬಗಳ ನಡುವೆ ಒಂದೇ ಸಂದು. ಹಿಂದೆ ಸೀಟಿ ಹಿಡಿದ ಸೆಕ್ಯುರಿಟಿಯವನು. "ಬರ್ಲಿ, ಬರ್ಲಿ, ಬರ್ಲಿ..." ಎನ್ನುತ್ತಿದ್ದವನು ಇದ್ದಕ್ಕಿದ್ದಂತೆ ಕಣ್ಣಿಗೆ ಕೈ ಅಡ್ಡ ಹಿಡಿದ.

"ಸಾರ್, ಲೈಟ್ ಆಫ್ ಮಾಡಿ, ಕಂಬ ಕಾಣ್ತಿಲ್ಲ."

ಅಪ್‌ಗ್ರೇಡಪ್ಪನವರು ಗೇರು ತೆಗೆದರು. ಲೈಟು ಆರಿತು, ಕಾರು ನಿಂತಿತು. ಗೇರು ಹಾಕಿದರು. ಕಾರು ಹೊರಟಿತು, ಅವನು ಮತ್ತೆ ಕಣ್ಣು ಮುಚ್ಚಿದ. ಸೆನ್ಸರ್ ಕೂಗುತ್ತಿತ್ತು, ಪರದೆಯ ತುಂಬ ಅಡ್ಡಗೆರೆ. ಹಿಂದೆ ಸಾಲುಗಟ್ಟಿದ ಕಾರುಗಳವರು ಹಾರನ್ ಹೊಡೆಯತೊಡಗಿದರು.

ಕೊನೆಗೆ ನ್ಯೂಟ್ರಲ್ಲಿಗೆ ಹಾಕಿಸಿ, ಸೆಕ್ಯುರಿಟಿಯವನೂ ಮದುವೆ ಹುಡುಗಿಯ ರೇಷ್ಮೆ ಪಂಚೆಯುಟ್ಟ ಸೋದರಮಾವನೂ ಬಾನೆಟ್ಟಿಗೆ ಕೈಕೊಟ್ಟು ಕಾರನ್ನು ಹಿಂದಕ್ಕೆ ತಳ್ಳಿದರು. ಕಿಟಕಿ ಇಳಿಸಿ ಕುಳಿತ ಅಪ್‌ಗ್ರೇಡಪ್ಪನವರು ಸೋದರಮಾವನನ್ನು ಕೇಳುತ್ತಿದ್ದರು: "ನಿಮ್ ಗಾಡೀಲಿ ಯಾವ್ದು ಹಾಕಿದಾರೆ ಸಾರ್, ಹಳೇ ಬಲ್ಬೇನಾ?"