ಅನ್ಯಬೋಧಶಾಸ್ತ್ರ ಪ್ರವೇಶಿಕೆ

ಶಾಲೆಗಳಲ್ಲಿ ಎಳೆಯರಿಗೆ ಲೋಕದ ಇತರ ಜನಗಳ ಪರಿಚಯ ಮಾಡಿಕೊಡುವ ಕ್ರಿಯಾಕಲಾಪಕ್ಕೆ ಈವರೆಗೆ ಶಾಸ್ತ್ರವೊಂದು ಇಲ್ಲದಿರುವುದು ವಿದ್ವತ್ಪ್ರಪಂಚದ ಲೋಪವೆಂದೇ ಭಾವಿಸಬೇಕು. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿಯ ಗುರಿಗಳಲ್ಲಿ 4.7ನೆಯ ಉಪಗುರಿಯು ಜಾಗತಿಕ ಪೌರತ್ವವನ್ನೂ ಸಂಸ್ಕೃತಿವೈವಿಧ್ಯದ ಆದರವನ್ನೂ ಕಲಿಸತಕ್ಕದ್ದೆಂದು ವಿಧಿಸಿತು. 2018ರ ಪಿಸಾ ಪರೀಕ್ಷೆಯು ಹದಿನೈದು ವರ್ಷದ ಮಕ್ಕಳ ಜಾಗತಿಕ ಸಾಮರ್ಥ್ಯವನ್ನು ಅಳೆಯಿತು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಜಾಗತಿಕ ಪೌರತ್ವ ಶಿಕ್ಷಣವನ್ನು ಹೆಸರಿಸಿದೆ. ಹೀಗೆ ವಿಧಿಯೂ ಉಂಟು, ಮಾನವೂ ಉಂಟು. ವಿಧೇಯವಸ್ತುವಿನ ಜಾತಿ, ಉಪಜಾತಿಗಳ ನಿರೂಪಣೆ ಮಾತ್ರ ಇಲ್ಲ. ಜಾತಿಯರಿಯದೆ ತೂಗುವುದು ತರಕಾರಿ ಮಂಡಿಗೆ ಸಲ್ಲುತ್ತದೆ, ಶಾಸ್ತ್ರಕ್ಕೆ ಸಲ್ಲದು. ಆದಕಾರಣ ಪ್ರಸ್ತುತ ಲೇಖಕನು ಅನ್ಯಬೋಧಶಾಸ್ತ್ರಕ್ಕೆ ಇಲ್ಲಿ ಅಸ್ತಿವಾರವನ್ನು ಹಾಕುತ್ತಿದ್ದಾನೆ. ಸಾಮಗ್ರಿಯನ್ನು ಬೆಂಗಳೂರಿನ ಒಂದು ಶಾಲೆಯ ಗೇಟಿನ ಬಳಿ, ಮೊಮ್ಮಗಳನ್ನು ಬಿಟ್ಟು ಕರೆತರುವ ನಿತ್ಯಕರ್ಮದ ಅವಕಾಶದಲ್ಲಿ ಸಂಗ್ರಹಿಸಲಾಗಿದೆ.

ಲಕ್ಷಣ: ತನ್ನದಲ್ಲದ ಜನವೊಂದನ್ನು ಕುರಿತು, ಶಾಲೆಯ ಆವರಣದಲ್ಲಿ, ಎರಡು ಬೆಲ್ಲುಗಳ ನಡುವೆ ಶಿಷ್ಯನಲ್ಲಿ ಹುಟ್ಟುವ ಅಪೂರ್ವಜ್ಞಾನವೇ ಅನ್ಯಬೋಧ. ‘ಶಾಲೆಯ ಆವರಣದಲ್ಲಿ’ ಎನ್ನದಿದ್ದರೆ ಮೇಲಿನ ಮನೆಯ ಬಾಡಿಗೆದಾರರ ಜಗಳದಿಂದ ಹುಟ್ಟುವ ಜ್ಞಾನಕ್ಕೂ ಲಕ್ಷಣ ಹರಿದು ಅತಿವ್ಯಾಪ್ತಿ ದೋಷ ತಟ್ಟುತ್ತದೆ. ‘ಶಿಷ್ಯನಲ್ಲಿ’ ಎಂದದ್ದರಿಂದ ಮಿಸ್‌ಗೆ ಉಂಟಾಗುವ ಬೋಧ ಹೊರಗುಳಿಯಿತು. ಇದು ಅವ್ಯಾಪ್ತಿಯಲ್ಲವೇ ಎಂದರೆ, ಅಲ್ಲ. ಅದು ಬೇರೆ ಶಾಸ್ತ್ರದ ವಿಷಯ, ಮತ್ತು ಪ್ರಮಾಣದಲ್ಲಿ ಹೆಚ್ಚು.

ಇಂಥ ಅನ್ಯಬೋಧವು ಐದು ವಿಧ: ವೇಷಾತ್ಮಕ, ಧ್ವಜಾತ್ಮಕ, ಭಿತ್ತ್ಯಾತ್ಮಕ, ವಾಕ್ಯಾತ್ಮಕ, ಸಂಪುಟಾತ್ಮಕ.

1. ವೇಷಾತ್ಮಕ ಅನ್ಯಬೋಧ. ಅನ್ಯರ ಉಡುಪನ್ನು ಧರಿಸಿ, ವೇದಿಕೆಯೇರಿ, ಎರಡು ವಾಕ್ಯಗಳನ್ನುಚ್ಚರಿಸಿ ಇಳಿಯುವುದರಿಂದ ಜನಿಸುವುದು. ವಿದೇಶೀಯ ಪ್ರಭೇದಕ್ಕೆ ಪ್ರಶಸ್ತಕಾಲ ಅಕ್ಟೋಬರ್ 24. 1945ರಲ್ಲಿ ಆ ದಿನ ವಿಶ್ವಸಂಸ್ಥೆಯ ಸನ್ನದು ಜಾರಿಗೆ ಬಂತು. ಸ್ವದೇಶೀಯಕ್ಕೆ ಜನವರಿ 26. ಪ್ರದೇಶದ ಅಸ್ಮಿತೆಯು ಶರೀರದ ಯಾವ ಅಂಗವನ್ನು ಆಶ್ರಯಿಸಿದೆ ಎಂಬುದರಿಂದ ಉಪಭೇದಗಳು:

1.1 ಶಿರೋನಿಷ್ಠ. ಪಂಜಾಬ್, ರಾಜಸ್ಥಾನ, ಹಳೇ ಮೈಸೂರು. ಪೇಟ ತೆಗೆದರೆ ಮೂರೂ ಒಂದೇ ಹುಡುಗ.

1.2 ಶಿರೋಪರಿನಿಷ್ಠ. ತಲೆಯಲ್ಲಲ್ಲ, ತಲೆಯ ಮೇಲಕ್ಕೆ ಇರುವುದು. ಒಂದರ ಮೇಲೊಂದು ಅಂಟಿಸಿದ ಥರ್ಮಾಕೋಲಿನ ಮಡಕೆಗಳು. ಇದೂ ರಾಜಸ್ಥಾನವೇ. ಅರ್ಥಾತ್ ರಾಜಸ್ಥಾನವು ಹುಡುಗನಾದರೆ 1.1, ಹುಡುಗಿಯಾದರೆ 1.2. ಒಂದೇ ರಾಜ್ಯ ಲಿಂಗಭೇದದಿಂದ ವರ್ಗಾಂತರ ಹೊಂದುವ ಏಕೈಕ ನಿದರ್ಶನವಿದು.

1.3 ಕಟಿನಿಷ್ಠ. ಕುಪ್ಯದ ಮೇಲೆ ಚೇಲೆ ಬಿಗಿದು ಪೀಚೆಕತ್ತಿ ಸಿಕ್ಕಿಸಿದ ಕೊಡಗು.

1.4 ಹಸ್ತನಿಷ್ಠ. ಭರ್ಜಿ ಹಿಡಿದ ನಾಗಾಲ್ಯಾಂಡ್, ಸೇಬಿನ ಬುಟ್ಟಿ ಹಿಡಿದ ಕಾಶ್ಮೀರ. ಸೇಬು ಪ್ಲಾಸ್ಟಿಕ್ಕಿನದಾದರೂ ಬೋಧಕ್ಕೆ ಭಂಗವಿಲ್ಲ.

1.5 ಚರ್ಮನಿಷ್ಠ. ಮುಖಕ್ಕೆ ಕಾಡಿಗೆ ಬಳಿದುಕೊಂಡು ಬರುವ ‘ಆಫ್ರಿಕಾ ದೇಶ’. ವಿಶ್ವಸಂಸ್ಥೆಯ 193 ಸದಸ್ಯರಾಷ್ಟ್ರಗಳಲ್ಲಿ 54 ಈ ಒಂದೇ ಮಗುವಿನಲ್ಲಿ ಅಡಕವಾಗಿವೆ. ಈ ಉಪಭೇದವನ್ನು ಶಾಸ್ತ್ರವು ದಾಖಲಿಸುತ್ತದೆ, ಅನುಮೋದಿಸುವುದಿಲ್ಲ.

1.6 ಅನಂಗ. ಛತ್ತೀಸಗಢ, ಜಾರ್ಖಂಡ್ ಮೊದಲಾದವು. ಇವುಗಳ ಅಸ್ಮಿತೆ ಯಾವ ಅಂಗದಲ್ಲಿದೆಯೆಂದು ಶಾಲೆ ಇನ್ನೂ ನಿರ್ಣಯಿಸಿಲ್ಲವಾಗಿ ಮನ್ಮಥನಂತೆ ಇವು ಇದ್ದೂ ಕಾಣಿಸಿಕೊಳ್ಳುವುದಿಲ್ಲ. ಉತ್ತರಾಖಂಡವೂ ಬಹುಕಾಲ ಇಲ್ಲಿಯೇ ಇತ್ತು. ಆದರೆ 2015ರಲ್ಲಿ ಘೋಷಿತವಾದ ‘ಏಕ ಭಾರತ ಶ್ರೇಷ್ಠ ಭಾರತ’ ಯೋಜನೆಯಲ್ಲಿ ಕರ್ನಾಟಕಕ್ಕೆ ಜೋಡಿ ರಾಜ್ಯವಾಗಿ ಅದು ಒದಗಿಬಂದದ್ದರಿಂದ ಅನಂಗಕ್ಕೆ ಅಂಗ ಕಲ್ಪಿಸುವ ಹೊಣೆ ತಾಯ್ತಂದೆಗಳ ಮೇಲೆ ಬಿತ್ತು. ಪೇಟೆಯ ಬಾಡಿಗೆ ವೇಷದ ಅಂಗಡಿಯೊಂದರಲ್ಲಿ ಲೇಖಕನು ವಿಚಾರಿಸಲಾಗಿ, ಯಜಮಾನರು ಅಟ್ಟದಿಂದ ಹಸಿರು ಪಟ್ಟಿಯ ಟೋಪಿಯೊಂದನ್ನು ಇಳಿಸಿ ಧೂಳು ಕೊಡವಿದರು. “ಹಿಮಾಚಲದ್ದು ಇದೆ, ತಗೊಳ್ಳಿ ಸಾರ್. ಅದೂ ಬೆಟ್ಟಾನೇ ಅಲ್ವಾ.”

ಈ ಉತ್ತರವನ್ನು ಲಘುವಾಗಿ ಕಾಣಲಾಗದು. ಇದರಲ್ಲಿ ವೇಷಸಂಕ್ರಮಣನ್ಯಾಯವು ಬೀಜರೂಪದಲ್ಲಿದೆ: ಅಂಗಡಿಯಲ್ಲಿನ ವೇಷಗಳ ಸಂಖ್ಯೆ ಭೂಮಿಯ ಮೇಲಿನ ಜನಗಳ ಸಂಖ್ಯೆಗಿಂತ ಯಾವಾಗಲೂ ಕಡಿಮೆಯಾದ್ದರಿಂದ ಪ್ರತಿಯೊಂದು ವೇಷವೂ ಒಂದಕ್ಕಿಂತ ಹೆಚ್ಚು ಜನಗಳಿಗೆ ದುಡಿಯಬೇಕು. ಅದೇ ಅಂಗಡಿಯ ಬಿಳಿ ನಿಲುವಂಗಿಯೊಂದು ಟವೆಲ್ಲು, ಹಗ್ಗ ಸೇರಿದಾಗ ಅರಬ್. ರೆಕ್ಕೆ ಸೇರಿದಾಗ ಕ್ರಿಸ್‌ಮಸ್ಸಿನ ದೇವದೂತ. ಸ್ಟೆತಾಸ್ಕೋಪ್ ಸೇರಿದಾಗ ಡಾಕ್ಟರು. ಕಾಲರಿನೊಳಗೆ ಹೊಲಿದ ಚೀಟಿಯಲ್ಲಿ ದೇಶದ ಹೆಸರಿರಲಿಲ್ಲ. ‘6 ವರ್ಷ’ ಎಂದಷ್ಟೇ ಇತ್ತು. ಯಜಮಾನರ ದೃಷ್ಟಿಯಲ್ಲಿ ಮನುಕುಲದ ವಿಭಾಗಕ್ಕೆ ಎತ್ತರವೊಂದೇ ಆಧಾರ. ಲೇಖಕನು ಓದಿರುವ ಮಾನವಶಾಸ್ತ್ರದ ಗ್ರಂಥಗಳಲ್ಲಿ ಇಷ್ಟು ನಿಷ್ಪಕ್ಷಪಾತವಾದ ತತ್ತ್ವ ಕಂಡಿಲ್ಲ.

ವೇಷಾತ್ಮಕಕ್ಕೆ ಸ್ವವೇಷನಿಷೇಧವೆಂಬ ಅಂಗನಿಯಮವೊಂದುಂಟು. ವೇಷಗಳನ್ನು ಚೀಟಿ ಎತ್ತಿ ಹಂಚುವುದರಿಂದ ಯಾವ ಮಗುವಿಗೂ ತನ್ನದೇ ಊರು ದೊರೆಯುವ ಸಂಭವ ವಿರಳ. ಮೊಮ್ಮಗಳ ತರಗತಿಯ ಕೊಡವ ಹುಡುಗಿಗೆ ಕಾಶ್ಮೀರ ಬಂತು, ಮೊಮ್ಮಗಳಿಗೆ ಕೊಡಗು. ತೆರೆಯ ಹಿಂದೆ ಸರತಿಯಲ್ಲಿ ನಿಂತಿದ್ದಾಗ ಕಾಶ್ಮೀರವು ಸೇಬಿನ ಬುಟ್ಟಿಯನ್ನು ಕೆಳಗಿಟ್ಟು, ಕೊಡಗನ್ನು ಹಿಡಿದು ತಿರುಗಿಸಿ, “ನೆರಿಗೆ ಹಿಂದೆ ಬರ್ಬೇಕು ಕಣೇ, ನಮ್ಮಮ್ಮ ಹಂಗೇ ಉಡೋದು” ಎನ್ನುತ್ತ ನನ್ನ ಸೊಸೆ ಅರ್ಧ ಗಂಟೆ ಕೂತು ಹಾಕಿದ್ದ ಪಿನ್ನುಗಳನ್ನು ಕೀಳತೊಡಗಿತು. ಮೈಕಿನಲ್ಲಿ ಹೆಸರು ಕೂಗಿದರು. ಕೊಡಗು ಒಂದು ಕೈಯಲ್ಲಿ ಸೀರೆ ಹಿಡಿದುಕೊಂಡೇ ವೇದಿಕೆಗೆ ಹೋಯಿತು. ಮೂರನೆಯ ಬಹುಮಾನವೂ ಬರಲಿಲ್ಲ. ಅನ್ಯಬೋಧವು ಇಲ್ಲಿ ಘಟಿಸಿದ್ದು ವೇದಿಕೆಯ ಮೇಲೋ ತೆರೆಯ ಹಿಂದೋ ಎಂಬ ಪೂರ್ವಪಕ್ಷಕ್ಕೆ, ತೆರೆಯ ಹಿಂದೆ ತೀರ್ಪುಗಾರರಿರಲಿಲ್ಲ ಎಂಬುದೇ ಸದ್ಯದ ಸಿದ್ಧಾಂತ.

2. ಧ್ವಜಾತ್ಮಕ ಅನ್ಯಬೋಧ. ಚಾರ್ಟಿನ ಮೇಲೆ ಧ್ವಜಗಳನ್ನು ಅಂಟಿಸುವುದರಿಂದ ಜನಿಸುವುದು. ಅಲ್ಪಕಾಲಿಕ. ಇದರ ಪ್ರಧಾನ ದೋಷ ವಿಪರ್ಯಯ: ಮೇಲೆ ಕೆಂಪು ಕೆಳಗೆ ಬಿಳಿ ಇರುವ ಇಂಡೊನೇಷ್ಯಾವನ್ನು ಹಿಡಿದ ಕೈ ಸೋತು ಚಾರ್ಟು ತಲೆಕೆಳಗಾದರೆ ಅದು ಪೋಲೆಂಡ್ ಆಗುತ್ತದೆ, ಸರಿಯಾಗಿ ಹಿಡಿದರೂ ಮೊನಾಕೊ ಅಲ್ಲವೆಂದು ಸಾಧಿಸುವುದು ಕಷ್ಟ. ಚಾಡ್ ಮತ್ತು ರೊಮೇನಿಯಾಗಳನ್ನು ದೊಡ್ಡವರೂ ಬೇರ್ಪಡಿಸಲಾರರು. ಚತುಷ್ಕೋನವಲ್ಲದ ನೇಪಾಳವನ್ನು ಮಾತ್ರ ಮಕ್ಕಳು ಎಂದೂ ಮರೆಯುವುದಿಲ್ಲ, ಕತ್ತರಿಸುವುದು ಕಷ್ಟವಾದ್ದರಿಂದ.

3. ಭಿತ್ತ್ಯಾತ್ಮಕ ಅನ್ಯಬೋಧ. ಗೋಡೆಯ ಭೂಪಟವನ್ನು ಆಶ್ರಯಿಸಿದ್ದು. ದೇಶಗಳಿಗೆ ಎರಡು ಬಗೆಯ ಅಸ್ತಿತ್ವವುಂಟು: ಭೂನಿಷ್ಠ, ಭಿತ್ತಿನಿಷ್ಠ. ಸೋವಿಯತ್ ಒಕ್ಕೂಟದ ಭೂನಿಷ್ಠ ಅಸ್ತಿತ್ವವು 1991ರ ಡಿಸೆಂಬರಿನಲ್ಲಿ ಮುಗಿಯಿತು. ಐದನೆಯ ತರಗತಿಯ ಕೋಣೆಯಲ್ಲಿ ಭಿತ್ತಿನಿಷ್ಠ ಅಸ್ತಿತ್ವವು ಮುಂದಿನ ಸುಣ್ಣ ಬಳಿಯುವವರೆಗೆ ಅಬಾಧಿತ. 2011ರಲ್ಲಿ ಸ್ವತಂತ್ರವಾದ ದಕ್ಷಿಣ ಸುಡಾನಿನ ಸ್ಥಿತಿ ಇದಕ್ಕೆ ವಿರುದ್ಧ. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದರ ಪ್ರಧ್ವಂಸಾಭಾವವು ಮೊಳೆಗೆ ಇನ್ನೂ ತಿಳಿದಿಲ್ಲ. ಎರಡನೆಯದು ಪ್ರಾಗಭಾವದಲ್ಲಿಯೇ ನಿಂತಿದೆ. ಮರ್ಕೇಟರನ 1569ರ ವಿಧಾನದಿಂದ ಬರೆದ ಅದೇ ಪಟದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಹರಡಿಕೊಂಡಿದೆ. ನೆಲದ ಮೇಲೆ ಆಫ್ರಿಕಾ ಅದರ ಸುಮಾರು 14 ಪಟ್ಟು. 1.5ರಲ್ಲಿ ಒಂದೇ ಮಗುವಿನೊಳಗೆ ಹಿಡಿದ ಖಂಡವು ಗೋಡೆಯ ಮೇಲೂ ಕುಗ್ಗಿರುವುದು ಶಾಸ್ತ್ರದ ಆಂತರಿಕ ಸಾಮರಸ್ಯಕ್ಕೆ ಸಾಕ್ಷಿ.

4. ವಾಕ್ಯಾತ್ಮಕ ಅನ್ಯಬೋಧ. 2018ರ ‘ಭಾಷಾ ಸಂಗಮ’ ಕಾರ್ಯಕ್ರಮದಿಂದ ಪ್ರಸಿದ್ಧ. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಕೆಲವು ಸರಳ ವಾಕ್ಯಗಳನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿಸುವುದು. ನಿಮ್ಮ ಹೆಸರೇನೆಂದು 22 ಬಗೆಯಲ್ಲಿ ಕೇಳಬಲ್ಲ ಮಕ್ಕಳನ್ನು ಲೇಖಕನು ಕಂಡಿದ್ದಾನೆ. ಉತ್ತರ ಬಂದರೆ ಮುಂದೇನೆಂಬುದು ಪಠ್ಯದ ಹೊರಗಿನ ಮಾತು.

5. ಸಂಪುಟಾತ್ಮಕ ಅನ್ಯಬೋಧ. ಭೋಜನಸಂಪುಟ, ಲೋಕಭಾಷೆಯಲ್ಲಿ ಡಬ್ಬಿ, ಅದರ ಮುಚ್ಚಳ ತೆರೆದ ಕ್ಷಣ ಜನಿಸುವುದು. ವೇಳಾಪಟ್ಟಿಯಲ್ಲಿ ಇದಕ್ಕೆ ‘ವಿರಾಮ’ವೆಂದು ಹೆಸರು. ಇದರಲ್ಲಿ ಎರಡು ಪ್ರಸ್ಥಾನಗಳು.

5.1 ವಿಹಿತಸಂಪುಟ. ವಿಶ್ವಸಂಸ್ಥೆಯ ದಿನದಂದು ಸೂಚನೆಯ ಮೇರೆಗೆ ಒಯ್ಯುವುದು. ಲೇಖಕನ ಬಳಿಯಿರುವ ಸುತ್ತೋಲೆಯು ಪ್ರತಿ ಮಗುವೂ ಒಂದು ದೇಶದ ತಿನಿಸನ್ನು ತರತಕ್ಕದ್ದೆಂದು ಮೊದಲ ಸಾಲಿನಲ್ಲಿಯೂ, ಕಡ್ಡಾಯವಾಗಿ ಸಸ್ಯಾಹಾರವಿರತಕ್ಕದ್ದೆಂದು ಎರಡನೆಯ ಸಾಲಿನಲ್ಲಿಯೂ ವಿಧಿಸುತ್ತದೆ. ಎರಡು ವಿಧಿಗಳನ್ನೂ ಏಕಕಾಲಕ್ಕೆ ಪಾಲಿಸಿದ ಫಲವಾಗಿ ಜಪಾನು ಸೌತೆಕಾಯಿ ಸುತ್ತಿದ ಅನ್ನವಾಯಿತು, ಅರಬರ ನಾಡು ಬಟಾಣಿ ಪಲಾವ್ ಆಯಿತು, ಅರ್ಜೆಂಟೀನ ಬೇಕರಿಯ ಆಲೂ ಪಫ್ ಆಯಿತು. ಮೆಕ್ಸಿಕೊ ಮಾತ್ರ ಮೆಕ್ಕೆಜೋಳದ ಕಾಳಿನ ದೆಸೆಯಿಂದ ತಪ್ಪಿಸಿಕೊಂಡಿತು.

5.2 ಅವಿಹಿತಸಂಪುಟ. ಉಳಿದೆಲ್ಲ ದಿನಗಳದ್ದು. ಇದು ಗಂಧಮೂಲ, ಪ್ರಶ್ನಮೂಲ, ವಿನಿಮಯಮೂಲವೆಂದು ಮೂರು ಬಗೆ. ಗಂಧಮೂಲದಲ್ಲಿ ಬೋಧವು ಮುಚ್ಚಳ ತೆರೆಯುವ ಮೊದಲೇ, ಮೂರು ಬೆಂಚು ಆಚೆಗೂ ತಲಪುತ್ತದೆ. ಪ್ರಶ್ನಮೂಲದ ಸೂತ್ರ ಏಕಪದದ್ದು: “ಏನದು?” ಇದಕ್ಕೆ ಮಕ್ಕಳು ಉಪಮಾನ ಪ್ರಮಾಣದಿಂದಲೇ ಉತ್ತರಿಸುತ್ತಾರೆ: ಲಿಟ್ಟಿ ಎಂದರೆ ಒಳಗೆ ಪುಡಿ ಇರುವ ಸುಟ್ಟ ಮುದ್ದೆ, ಪುಟ್ಟು ಎಂದರೆ ಕೊಳವೆಯಲ್ಲಿ ಬೆಂದ ತರಿ, ನುಚ್ಚಿನುಂಡೆ ಎಂದರೆ ಬೇಳೆಯ ಇಡ್ಲಿ, ಆದರೆ ಇಡ್ಲಿಯಲ್ಲ. ವಿನಿಮಯಮೂಲದಲ್ಲಿ ಇಡ್ಲಿಯ ದರ ಅತ್ಯಲ್ಪ, ಎಲ್ಲರಲ್ಲೂ ಇರುವುದರಿಂದ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಜೋಡಿಗೆ ಠೇಪ್ಲಾದಲ್ಲಿ ಒಂದಕ್ಕೊಂದರ ದರವಿದ್ದು, ಚಟ್ನಿಪುಡಿ ಮುಗಿದೊಡನೆ ರೊಟ್ಟಿ ಕುಸಿಯುತ್ತದೆ.

ಅದೇ ರಸ್ತೆಯ ಕೊನೆಯಲ್ಲಿರುವ ಸರ್ಕಾರಿ ಶಾಲೆಯಲ್ಲಿ ಡಬ್ಬಿಯಿಲ್ಲ, ಪಂಕ್ತಿಯಿದೆ. ಬಿಸಿಯೂಟದ ಜೊತೆಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡುವ ಕ್ರಮವು 2021ರ ಕೊನೆಗೆ ರಾಜ್ಯದ ಉತ್ತರದ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ಎಲ್ಲೆಡೆಗೆ ಬಂತು. ಹೀಗಾಗಿ ಇಲ್ಲಿ ಅಂಡಪಂಕ್ತಿ, ಕದಲೀಪಂಕ್ತಿಗಳೆಂಬ ಶುದ್ಧವಾದ ದ್ವಿವಿಭಾಗ ದೊರೆಯಿತೆಂದು ಹಿಗ್ಗಿ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಲೇಖಕನು ಜಗಲಿಯ ಮೇಲೆ ಪಟ್ಟಿ ಹಿಡಿದು ಕುಳಿತನು. ಎರಡನೆಯ ದಿನವೇ ಕದಲೀಪಂಕ್ತಿಯ ಹುಡುಗನೊಬ್ಬ ಹಣ್ಣು ಪಡೆದು, ಕೈತೊಳೆಯುವ ನಲ್ಲಿಯ ಹಿಂದಕ್ಕೆ ಹೋಗಿ, ಅದನ್ನು ಗೆಳೆಯನಿಗೆ ಕೊಟ್ಟು, ಗೆಳೆಯನ ಮೊಟ್ಟೆಯ ಬಿಳಿಯ ಭಾಗವನ್ನು ಉಪ್ಪು ಹಚ್ಚಿಕೊಂಡು ತಿನ್ನುವುದು ಕಂಡಿತು. ಹಳದಿಯನ್ನು ಗೆಳೆಯನಿಗೇ ಹಿಂತಿರುಗಿಸಿದ. ಇದು ಪಂಕ್ತಿಸಂಕರವೋ, ಅರ್ಧಸಂಕರವೋ, ಬಿಳಿಯ ಭಾಗಕ್ಕಷ್ಟೇ ಸೀಮಿತವಾದ ಸ್ವತಂತ್ರ ಜಾತಿಯೋ ಎಂದು ನಿರ್ಣಯಿಸಲು ಲೇಖಕನು ಸಮೀಪಕ್ಕೆ ಹೋದನು. ಹುಡುಗ ಬಾಯಿ ಒರೆಸಿಕೊಂಡು ಪಟ್ಟಿಯನ್ನು ನೋಡಿದ. “ಬರ್ಕೊಬೇಡಿ ತಾತ. ನಮ್ಮಜ್ಜಿಗೆ ಗೊತ್ತಾದ್ರೆ ಬೈತಾರೆ.”

ಪಟ್ಟಿಯ ಆ ಮನೆಯೊಂದು ಖಾಲಿಯಿದೆ.